ಮುಖ ನೋಡಿ ಮಾರಿದ ಅತ್ತರು

ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ಅಕ್ಕ ಕಿವಿಯ ಹಿಂದೆ ಸದಾ ಒಂದು ಬಿಳಿ ಕಾಗದದ ಪಟ್ಟಿ ಸಿಕ್ಕಿಸಿಕೊಂಡಿರುತ್ತಿದ್ದರು. ಕೊಲ್ಲಿ ನಾಡಿನ ಎಗೈಲಾ ಎಂಬಲ್ಲಿಯ ಮಾಲ್‌ನಲ್ಲಿ ನಮ್ಮ ಕಂಪನಿಯ ಅತ್ತರಿನ ಅಂಗಡಿಯಿತ್ತು. ಅದರ ಕೌಂಟರ್‌ನಲ್ಲಿ ಅವರು; ವಯಸ್ಸಿನಲ್ಲಿ ಹಿರಿಯರೆಂದು ನಾನು ಅಕ್ಕ ಎನ್ನುತ್ತಿದ್ದೆ. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ಗಿರಾಕಿ ಬಂದರೆ ಪಟ್ಟಿಗೆ ಅತ್ತರು ಹಚ್ಚಿ, ಗಾಳಿಯಲ್ಲಿ ಬೀಸಿ, ಮೂಗಿನ ಮುಂದೆ ಹಿಡಿಯುವರು. ಬಾಟಲಿಯತ್ತ ಗಮನವೇ ಇಲ್ಲ. ಕಣ್ಣೆಲ್ಲ ಗಿರಾಕಿಯ ಹುಬ್ಬಿನ ಮೇಲೆ. ಮುಖ ಮುಚ್ಚಿದ ಹೆಂಗಸರಾದರೆ ಬರೀ ಕಣ್ಣು ಕಂಡರೂ ಸಾಕಿತ್ತು. "ಇದು ನಿಮ್ಮದಲ್ಲ, ಬಿಡಿ" ಎಂದು ಇನ್ನೊಂದನ್ನು ತೆಗೆಯುವರು.

ನಾನು ಮೈಸೂರಿನವಳು. ಅದೇ ಊರಿನ ರಾಯ್ ಎಂಬ ಬಡಾವಣೆಯ ಆಫೀಸಿನಲ್ಲಿ ಕೂತು ಕಂಪನಿಯ ಆ್ಯಪ್‌ಗೆ ಅತ್ತರುಗಳ ವರ್ಣನೆ ಬರೆಯುತ್ತೇನೆ. ಅಂದರೆ ಅಕ್ಕನ ಹೊಟ್ಟೆಯ ಮೇಲೆ ಹೊಡೆಯುವ ಕೆಲಸ. ಜನ ಅಂಗಡಿಯಲ್ಲಿ ಮೂಸಿ ನೋಡಿ, ಮನೆಗೆ ಹೋಗಿ ಆ್ಯಪ್‌ನಲ್ಲಿ ಕೊಳ್ಳತೊಡಗಿದರು.

"ನನ್ನ ಹತ್ರ ಮೂಸ್ತಾರೆ, ಫೋನಿನ ಹತ್ರ ತಗೊಳ್ತಾರೆ. ಇದು ಯಾರ ವ್ಯಾಪಾರ ಮಾರಾಯ್ತಿ, ನಂದಾ, ನಿಂದಾ?" ಎಂದು ಕೇಳಿದರು.

ಮ್ಯಾನೇಜರಿಗೂ ತಿಳಿದಂತಿರಲಿಲ್ಲ; ಒಂದು ತಿಂಗಳು ಅಂಗಡಿ ಮುಚ್ಚೋಣವೆಂದರು, ಮರುತಿಂಗಳು ದೊಡ್ಡದು ಮಾಡೋಣವೆಂದರು. ಕೊನೆಗೆ ಮುಚ್ಚಿಸಿ, ಅಕ್ಕನನ್ನು ನನ್ನ ಪಕ್ಕದ ಕುರ್ಚಿಗೆ ತಂದು ಕೂರಿಸಿದರು. ಆ್ಯಪ್‌ನಲ್ಲಿ "ನನಗೆ ಯಾವುದು ಒಪ್ಪುತ್ತದೆ?" ಎಂದು ಕೇಳುವವರಿಗೆ ಅಕ್ಕ ಹೇಳಬೇಕು, ನಾನು ಟೈಪ್ ಮಾಡಬೇಕು.

ಒಂದು ಮಧ್ಯಾಹ್ನ ಹೊಸ ಅತ್ತರೊಂದು ಬಂದಿತ್ತು. "ಮೊದ್ಲು ನೀನು ಮೂಸು" ಎಂದರು. ಯಾವಾಗಲೂ ಹಾಗೇ ಅನ್ನುತ್ತಿದ್ದರು. ಶೀಶೆಯನ್ನು ಮೂಗಿನ ಹತ್ತಿರ ತಂದು ಇನ್ನೂ ಮೂಸುವ ಮೊದಲೇ ಮ್ಯಾನೇಜರರ ಮೇಲ್ ಬಂದು ನನ್ನ ಹುಬ್ಬು ಗಂಟಿಕ್ಕಿತು. ಅಕ್ಕ ತಾವೂ ಮೂಸಿ, "ಘಾಟು ಜಾಸ್ತಿ ಉಂಟು. ಗಂಡಸರಿಗೆ ಆದೀತು" ಎಂದರು. ಆಮೇಲೆ ನೋಡಿದರೆ ನಾನು ಕೈತಪ್ಪಿ ಎತ್ತಿಕೊಂಡದ್ದು ತೊಳೆದು ನೀರು ತುಂಬಿಟ್ಟಿದ್ದ ಹಳೆಯ ಶೀಶೆ.

"ಅಕ್ಕಾ, ಇದು ನೀರು ಕಣ್ರೀ!" ಎಂದು ನಕ್ಕೆ. ಅಕ್ಕ ನಗಲಿಲ್ಲ.

"ಕೊರೊನಾದಲ್ಲಿ ಹೋದ ಮೂಗು ವಾಪಸ್ ಬರ್ಲೇ ಇಲ್ಲ. ಅಂಗಡಿಯಲ್ಲಿ ಮುಖ ನೋಡಿ ಸುಧಾರಿಸ್ತಿದ್ದೆ. ಇಲ್ಲಿ ನಿನ್ನದು ಬಿಟ್ರೆ ಬೇರೆ ಮುಖ ಎಲ್ಲುಂಟು? ನೀನು ಹೇಳಿದ್ರೆ ಕೆಲಸ ಖಲಾಸ್, ಇಲ್ಲಿ ಇರ್ಲಿಕ್ಕೆ ಕೊಟ್ಟ ಇಕಾಮಾನೂ ಖಲಾಸ್."

ನಾನು ಹೇಳಲಿಲ್ಲ. ಹೇಳಬೇಕಿತ್ತೋ ಏನೋ, ಇವತ್ತಿಗೂ ಗೊತ್ತಿಲ್ಲ. ವಾಸನೆ ತಿಳಿಯದವರು ಅತ್ತರು ಮಾರುವುದು ಮೋಸವೇ? ಹಾಗಾದರೆ ವಾಸನೆಯೇ ಬಾರದ ಫೋನಿನಲ್ಲಿ ನಾನು ಮಾರುವುದಕ್ಕೆ ಏನೆನ್ನಬೇಕು? ಅಕ್ಕ ಮಾತ್ರ ಗಿರಾಕಿಗಳನ್ನು "ಯಾರ ಮದುವೆಗೆ? ಅತ್ತೆಯೂ ಬರ್ತಾರಾ?" ಎಂದೆಲ್ಲ ನನ್ನಿಂದ ಕೇಳಿಸುತ್ತಿದ್ದರು. ಅವರು ಆರಿಸಿಕೊಟ್ಟದ್ದು ವಾಪಸ್ ಬರುತ್ತಿದ್ದದ್ದು ಕಡಿಮೆ. ಹೇಗೆಂದು ಕೇಳಿದರೆ "ನಂಗೂ ಗೊತ್ತಿಲ್ಲ" ಎನ್ನುತ್ತಿದ್ದರು.

ಗುಟ್ಟು ಹೊರಬೀಳಲಿಲ್ಲ, ಆದರೂ ಕೆಲಸ ಹೋಯಿತು. ಗಿರಾಕಿಗಳಿಗೆ ಉತ್ತರ ಹೇಳಲು ಕಂಪ್ಯೂಟರನ್ನೇ ಇಟ್ಟರು.

"ಅದಕ್ಕೂ ಮೂಗಿಲ್ಲ, ನಂಗೂ ಇಲ್ಲ. ನಂಗೆ ಕಣ್ಣಾದ್ರೂ ಉಂಟಲ್ಲ ಮಾರಾಯ್ತಿ" ಎಂದು ಅಕ್ಕ ನಕ್ಕರು.

ಊರಿಗೆ ಹೊರಡುವ ಮುನ್ನ ಅತ್ತರು ಹಚ್ಚಿದ ಪಟ್ಟಿಗಳನ್ನು ಒಂದೊಂದಾಗಿ ನನ್ನ ಮೂಗಿಗೆ ಹಿಡಿದರು. ಮೊದಲೆಲ್ಲ ತಡೆದುಕೊಂಡೆ. ಕೊನೆಯ ಪಟ್ಟಿ ಹಿಡಿದಾಗ ಅಳು ಬಂದುಬಿಟ್ಟಿತು. ಅಕ್ಕ ನನ್ನ ಮುಖವನ್ನೇ ನೋಡಿ, "ಇದೇ ನಿಂದು" ಎಂದು ಆ ಬಾಟಲಿ ಕೈಗಿಟ್ಟರು.

ಇಂದಿಗೂ ಅದನ್ನೇ ಹಚ್ಚಿಕೊಳ್ಳುತ್ತೇನೆ. ಮುಗಿದಾಗ ನಮ್ಮ ಆ್ಯಪ್‌ನಲ್ಲೇ ತರಿಸುತ್ತೇನೆ. ಈ ಅತ್ತರು ಇಷ್ಟವಾಯಿತೇ ಎಂದು ಕಂಪ್ಯೂಟರ್ ಕೇಳುತ್ತದೆ. ಹೌದು ಎಂದು ಒತ್ತುತ್ತೇನೆ. ನಿಜವಾಗಿ ಇಷ್ಟವೋ ಅಲ್ಲವೋ, ನನಗಿನ್ನೂ ಗೊತ್ತಾಗಿಲ್ಲ.