ನಿಧಾನಪ್ಪನ ಬಸ್ಸಿನಲ್ಲಿ ಎಂಟು ಹಾಡುಗಳು

ನಮ್ಮ ಡಿಪೋದಲ್ಲಿ ಎಲ್ಲರೂ ಅವರನ್ನು ಕರೆಯುವುದು ನಿಧಾನಪ್ಪ ಅಂತಲೇ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ್ದಾರೆ. ಒಂದು ನಾಯಿಗೂ ತಾಗಿಸಿದವರಲ್ಲ, ಒಂದು ದಿನವೂ ಹೊತ್ತಿಗೆ ಸರಿಯಾಗಿ ಮುಟ್ಟಿಸಿದವರೂ ಅಲ್ಲ. ಸೈಕಲ್ಲಿನವನು ನಮ್ಮನ್ನು ದಾಟಿಕೊಂಡು ಹೋಗುವಾಗ ತಿರುಗಿ ನೋಡಿ ನಗುತ್ತಾನೆ. ಲೇಟಾಯಿತೆಂದು ಜನ ಬೈಯುವುದು ಮಾತ್ರ ಅವರನ್ನಲ್ಲ, ಬಾಗಿಲಲ್ಲಿ ನಿಂತ ನನ್ನನ್ನು. ನಾನು ಕಂಡಕ್ಟರು. ಒಂಬತ್ತು ವರ್ಷದಿಂದ ಅವರ ಬೆನ್ನು ನೋಡಿಕೊಂಡೇ ಕೆಲಸ ಮಾಡುತ್ತಿದ್ದೇನೆ.

ಅವರ ಮಾತು ಕಮ್ಮಿ, ನನ್ನದು ಜಾಸ್ತಿ. ಅವರ ಪಾಲಿನದನ್ನೂ ನೀವೇ ಆಡಿ ಮುಗಿಸ್ತೀರಿ ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ. ಅವರ ಬಾಯಿ ತೆರೆಸಬೇಕೆಂದರೆ ಮಗಳ ಸುದ್ದಿ ಎತ್ತಬೇಕು. ಒಬ್ಬಳೇ ಮಗಳು, ಹತ್ತೊಂಬತ್ತು ವರ್ಷ, ಮನೆಯಲ್ಲಿ ಪುಟ್ಟಿ. ಹೋದ ವರ್ಷ ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಗೆದ್ದಳು. ಹೆತ್ತವರನ್ನು ವೇದಿಕೆಗೆ ಕರೆದ ದಿನ ತಾಯಿ ಒಬ್ಬರೇ ಹೋದರು, ಇವರಿಗೆ ರಜೆ ಸಿಗಲಿಲ್ಲ. ಕೊನೆಯ ಸ್ಟಾಪಿನ ಚಹಾ ಅಂಗಡಿಯ ಟಿವಿ ಮುಂದೆ ನಿಂತು ನಾವಿಬ್ಬರೂ ನೋಡಿದೆವು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತವರು, ಅದು ತಣ್ಣಗೆ ಕೊರೆಯುವವರೆಗೂ ಒಂದು ಗುಟುಕೂ ಕುಡಿಯಲಿಲ್ಲ.

ಸ್ಪರ್ಧೆ ಮುಗಿದ ಮೇಲೆ ಒಂದು ಸಂಗೀತ ಕಂಪನಿಯವರು ಅವಳನ್ನು ಕರೆದು ಎಂಟು ಹೊಸ ಹಾಡುಗಳ ಆಲ್ಬಂ ಮಾಡಿಸಿದರು. ಅದಕ್ಕಾಗಿ ಅವಳು ನರ್ಸಿಂಗ್ ಕೋರ್ಸಿಗೆ ಸಿಕ್ಕಿದ್ದ ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿದ್ದಳು. ಈಗ ತಿಂಗಳ ಕೊನೆಯೊಳಗೆ ಕಾಲೇಜಿಗೆ ಹೇಳಬೇಕು, ಸೇರುತ್ತಾಳೋ ಬಿಡುತ್ತಾಳೋ. ಸೇರಿದರೆ ಹಾಡಿನ ಕಥೆ ಅಲ್ಲಿಗೆ ಮುಗಿಯಿತು. ಬಿಟ್ಟರೆ ಆ ಸೀಟು ಇನ್ನೊಬ್ಬರದು. ಎರಡನೇ ಆಲ್ಬಂ ಮಾಡ್ತೀರಾ ಎಂದು ಕೇಳಿದರೆ ಕಂಪನಿಯವರು "ನೋಡೋಣ" ಎಂದಿದ್ದರು. "ನೋಡೋಣ" ಅಂದರೆ ಏನು ಅರ್ಥ ಎನ್ನುವುದು ಡಿಪೋದಲ್ಲಿ ರಜೆ ಕೇಳಿದ ಪ್ರತಿಯೊಬ್ಬನಿಗೂ ಗೊತ್ತು.

ಹಾಡು ಕೇಳಿದವರು ಫೋನಿನಲ್ಲಿ ಬರೆದದ್ದನ್ನೆಲ್ಲ ಪುಟ್ಟಿ ಓದಿದ್ದಳು. ಒಬ್ಬ ನೀನು ದೇವತೆ ಎಂದು ಬರೆದಿದ್ದ, ಅದರ ಕೆಳಗೇ ಇನ್ನೊಬ್ಬ ಬೆಕ್ಕಿನ ಬಾಲ ತುಳಿದ ಹಾಗಿದೆ ಎಂದು ಬರೆದಿದ್ದ. "ಮುಖ ಇಲ್ಲದವರ ಮಾತು ಕಟ್ಕೊಂಡು ನಾನೇನ್ ಮಾಡ್ಲಿ ಅಪ್ಪ," ಎಂದಳಂತೆ. "ನಿನ್ನ ಬಸ್ಸಲ್ಲಿ ಹಾಕು. ನಾನು ಡ್ರೈವರ್ ಮಗಳು ಅಂತ ಯಾರಿಗೂ ಹೇಳ್ಬೇಡ, ಹೇಳಿದ್ರೆ ದಾಕ್ಷಿಣ್ಯಕ್ಕೆ ಹೊಗಳ್ತಾರೆ. ಏನಂತಾರೆ ಅಂತ ಕೇಳ್ಕೊಂಡ್ ಬಾ. ಅವರಿಗೆ ಹಿಡಿಸಿದ್ರೆ ಹಾಡ್ತೀನಿ, ಇಲ್ಲಾಂದ್ರೆ ಕೋರ್ಸಿಗೆ ಸೇರ್ತೀನಿ."

ಮರುದಿನವೇ ನಿಧಾನಪ್ಪ ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿ ತಂದರು. ಅದನ್ನು ಮ್ಯೂಸಿಕ್ ಸೆಟ್ಟಿಗೆ ಸಿಕ್ಕಿಸಿ ನನ್ನ ಕಡೆ ತಿರುಗಿದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. "ನೋಡು, ನನ್ನ ಕಣ್ಣು ರಸ್ತೆ ಮೇಲೆ. ಪಕ್ಕದಲ್ಲಿ ಇಂಜಿನ್ನು. ಹಿಂದಿನ ಮಾತು ನನಗೆ ಕೇಳಲ್ಲ. ನೀನು ಜನರ ಮಧ್ಯೆ ಓಡಾಡೋನು. ಕಿವಿ ಕೊಟ್ಟು ಕೇಳಿ, ಇದ್ದದ್ದು ಇದ್ದ ಹಾಗೆ ಹೇಳು." ಆಗಲಿ ಅಣ್ಣ ಎಂದೆ. ನನಗೇನು ಗೊತ್ತಿತ್ತು, ಇರಲಾರದೆ ಇರುವೆ ಬಿಟ್ಟುಕೊಳ್ಳುತ್ತಿದ್ದೇನೆ ಎಂದು.

ಮೊದಲ ದಿನವೇ ದಿನಾ ಬರುವ ಗುಮಾಸ್ತ ಪೇಪರಿನಿಂದ ತಲೆ ಎತ್ತಿದ. "ಆ ಟಿವಿ ಹುಡುಗಿ ಅಲ್ವೇನ್ರೀ? ಅಲ್ಲಿ ಚೆನ್ನಾಗಿ ಹಾಡ್ತಿದ್ಲು. ಇದೇನು, ನೆಗಡಿ ಆದಾಗ ಹಾಡ್ಸಿದ್ರಾ?" ಬಟ್ಟೆ ಅಂಗಡಿಯ ಹುಡುಗಿಯರು ಮೂವರು, ಹಳೇ ಹಾಡಾದರೆ ನಾವೂ ಜೊತೆಗೆ ಗುನುಗಬಹುದಿತ್ತು ಎಂದರು. ರಿಟೈರಾದ ಮೇಷ್ಟ್ರು ಒಬ್ಬರು ನಾಲ್ಕು ಹಾಡು ಕೇಳಿ, ಪ್ರಯತ್ನ ಪಟ್ಟಿದ್ದಕ್ಕೆ ಪಾಸು ಮಾಡಬಹುದು ಎಂದರು. ಆಸ್ಪತ್ರೆಗೆ ಹೋಗಿ ಬರುವ ಅಜ್ಜಿ ಮೂರನೇ ಹಾಡು ಶುರುವಾದರೆ ನಿದ್ದೆ ಹೋಗುತ್ತಿದ್ದರು, ಆ ವಾರದಲ್ಲಿ ಎರಡು ಸಲ ಇಳಿಯುವ ಸ್ಟಾಪು ತಪ್ಪಿಸಿಕೊಂಡರು. ಉಳಿದ ಮುಕ್ಕಾಲು ಪಾಲು ಜನ ತಮ್ಮ ತಮ್ಮ ಫೋನಿನ ವೈರನ್ನು ಕಿವಿಗೆ ಸಿಕ್ಕಿಸಿಕೊಂಡರು. ಅವರ ಅಭಿಪ್ರಾಯ ಅದೇ.

ನನಗೆ ಮೈಯೆಲ್ಲ ಉರಿಯಿತು. ಚಿಲ್ಲರೆ ಕೊಡದೆ ಸತಾಯಿಸುವ ಈ ಜನಕ್ಕೆ ಹಾಡನ್ನು ಬೈಯುವುದರಲ್ಲಿ ಮಾತ್ರ ಎಷ್ಟು ಧಾರಾಳ. ಟ್ರಿಪ್ಪು ಮುಗಿದು ಬಸ್ಸು ಖಾಲಿಯಾಯಿತು. ನಿಧಾನಪ್ಪ ಇಂಜಿನ್ ಆರಿಸಿ, ಸೀಟಿನಲ್ಲೇ ಅರ್ಧ ತಿರುಗಿ ಕೇಳಿದರು.

"ಏನಂದ್ರು?"

ಆ ಮುಖ ನೋಡಿದರೆ ಯಾವ ಗಂಡಸಿಗೆ ನಿಜ ಹೇಳಲು ಬಾಯಿ ಬರುತ್ತದೆ? "ಸೂಪರ್ ಅಂದ್ರು ಅಣ್ಣ," ಎಂದೆ.

ಒಂದು ಸುಳ್ಳಿಗೆ ಕಾಲು ಕೊಟ್ಟರೆ ಅದು ತಾನಾಗಿಯೇ ಓಡುತ್ತದೆ. ಮೇಷ್ಟ್ರು ಪಾಸು ಮಾಡಿದ್ದು ನನ್ನ ಬಾಯಲ್ಲಿ ಫಸ್ಟ್ ಕ್ಲಾಸಾಯಿತು. ಬಟ್ಟೆ ಅಂಗಡಿಯ ಹುಡುಗಿಯರು ಹಾಡು ಬರೆದುಕೊಂಡರು ಎಂದೆ. ಅಜ್ಜಿ ಮೂರನೇ ಹಾಡಿಗೆ ಮೈಮರೆತು ಇಳಿಯುವುದನ್ನೇ ಮರೆತರು ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ. ನಿಧಾನಪ್ಪ ಎಲ್ಲವನ್ನೂ ಕೇಳಿ ತಲೆಯಾಡಿಸುತ್ತಿದ್ದರು, ಮನೆಗೆ ಹೋಗಿ ಚಾಚೂ ತಪ್ಪದೆ ಮಗಳಿಗೆ ಹೇಳುತ್ತಿದ್ದರು.

"ನಿನ್ನೆ ಎರಡು ತುತ್ತು ಜಾಸ್ತಿ ಊಟ ಮಾಡಿದ್ಲು ಕಣೋ," ಎಂದರು ಒಂದು ದಿನ. "ಕೋರ್ಸು ಬೇಡ ಅನ್ಸುತ್ತೆ ಅಪ್ಪ ಅಂದ್ಲು."

ನಾನು ತಮಾಷೆಗೆ ಹೇಳಿದ್ದಲ್ಲ, ಕೆಟ್ಟದ್ದಾಗಲಿ ಅಂತಲೂ ಹೇಳಿದ್ದಲ್ಲ. ಆದರೆ ನನ್ನ ಮಾತು ನಂಬಿ ಆ ಮಗು ಕೈಯಲ್ಲಿದ್ದ ಸೀಟು ಬಿಡಲು ಹೊರಟಿತ್ತು. ನಿಜ ಹೇಳಿದರೆ ಅಪ್ಪನ ಎದೆ ಒಡೆಯುತ್ತದೆ, ಹೇಳದಿದ್ದರೆ ಮಗಳ ಬದುಕು ಹಾಳಾಗುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತ ತಿಂಗಳ ಕೊನೆಗೆ ಮೂರು ದಿನ ಉಳಿಯಿತು.

ಅವತ್ತು ಸಂಜೆ ಐದೂವರೆಯ ಟ್ರಿಪ್ಪು. ಕಾಲಿಡಲು ಜಾಗವಿಲ್ಲ. ಹಿಂದಿನ ಬಾಗಿಲಲ್ಲಿ ಒಬ್ಬ ಹುಡುಗಿ ಹತ್ತಿದಳು, ತಲೆಗೆ ದುಪಟ್ಟಾ, ಬಾಯಿಗೆ ಮಾಸ್ಕು. ಯಾರೋ ಇಳಿದ ಕಿಟಕಿ ಸೀಟು ಅವಳಿಗೆ ಸಿಕ್ಕಿತು. ಟಿಕೆಟ್ ಕೇಳಲು ಹೋದರೆ ಕಣ್ಣೆತ್ತಿ ನನ್ನನ್ನು ನೋಡಿದಳು. ಎಷ್ಟು ಸಲ ಅವರ ಮನೆಯಲ್ಲಿ ಅವಳ ಕೈಯಿಂದ ಚಹಾ ಕುಡಿದಿಲ್ಲ ನಾನು? ಪುಟ್ಟಿ. ಮಾಸ್ಕಿನ ಮೇಲೆ ಬೆರಳಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಕಣ್ಣುಗಳು ನಗುತ್ತಿದ್ದವು. ಕಾಲೇಜಿನ ಸೀಟು ಬಿಡುವ ಮೊದಲು ಒಂದು ಸಲ ತನ್ನ ಕಿವಿಯಾರೆ ಕೇಳಿಕೊಂಡು ಹೋಗೋಣ ಎಂದು ಬಂದಿದ್ದಳು. ಸ್ಪೀಕರಿನಲ್ಲಿ ಎರಡನೇ ಹಾಡು ನಡೆಯುತ್ತಿತ್ತು.

ಮುಂದೆ ಹೋಗಿ ನಿಧಾನಪ್ಪನ ಕಿವಿಯಲ್ಲಿ ಹೇಳೋಣವೆಂದರೆ ನಡುವೆ ಅರವತ್ತು ಜನ. ಹಿಂದಿನಿಂದ ಕೂಗಿದರೆ ಎಲ್ಲರಿಗೂ ತಿಳಿಯುತ್ತದೆ. ಸೀಟಿ ಊದಿದರೆ ಬಸ್ಸು ನಿಲ್ಲುತ್ತದೆ, ಹಾಡು ನಿಲ್ಲುವುದಿಲ್ಲ. ಗುಮಾಸ್ತ ಆಗಲೇ ಪೇಪರು ಮಡಚಿ ಬಾಯಿ ತೆರೆಯುವ ಹವಣಿಕೆಯಲ್ಲಿದ್ದ. ಅವನಿಗಿಂತ ಮೊದಲು ಯಾರಿಂದಲಾದರೂ ಒಂದು ಒಳ್ಳೇ ಮಾತು ಆಡಿಸಬೇಕೆಂದು ನನಗೆ ಒಂದು ಬುದ್ಧಿ ಹೊಳೆಯಿತು, ಹಾಳು ಬುದ್ಧಿ. ಅಜ್ಜಿಯ ಹತ್ತಿರ ಬಗ್ಗಿ, ಕಿಟಕಿ ಸೀಟಿಗೂ ಕೇಳುವ ಹಾಗೆ ಗಟ್ಟಿಯಾಗಿ ಕೇಳಿದೆ.

"ಏನಜ್ಜಿ, ಈಗ ಬರುತ್ತಲ್ಲ ಮೂರನೇ ಹಾಡು, ನಿಮಗೆ ತುಂಬಾ ಇಷ್ಟ ಅಲ್ವಾ?"

"ಇಷ್ಟ ಎಲ್ಲಿಂದ ಬಂತಪ್ಪ," ಎಂದರು ಅಜ್ಜಿ. "ಅದು ಶುರುವಾದ್ರೆ ಕಣ್ಣು ತಾನಾಗೇ ಮುಚ್ಕೊಳ್ಳುತ್ತೆ. ಡಾಕ್ಟ್ರು ಕೊಟ್ಟ ಮಾತ್ರೆಗಿಂತ ವಾಸಿ."

ಬಸ್ಸಿಗೆ ಬಸ್ಸೇ ನಕ್ಕಿತು. ನಕ್ಕವರಿಗೆ ಬಾಯಿ ಬಂತು. ಬಟ್ಟೆ ಅಂಗಡಿಯ ಹುಡುಗಿಯೊಬ್ಬಳು ಐದನೇ ಹಾಡನ್ನು ಮೂಗಿನಲ್ಲಿ ಹಾಡಿ ತೋರಿಸಿದಳು, ಪಕ್ಕದವರು ಬಿದ್ದು ಬಿದ್ದು ನಕ್ಕರು. ನಾನು ಮೇಷ್ಟ್ರ ಕಡೆ ತಿರುಗಿದೆ. ತಿಳಿದವರು, ಮರ್ಯಾದಸ್ಥರು, ಕೈ ಬಿಡಲಾರರು ಎಂದುಕೊಂಡೆ. "ನೀವು ಹೇಳಿ ಸಾರ್, ಅಷ್ಟೊಂದು ಕೆಟ್ಟದಾಗಿದೆಯಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಕೇಳಿದ್ದಕ್ಕೆ ಹೇಳ್ತೀನಿ ಕಂಡಕ್ಟರೇ. ಹುಡುಗಿಗೆ ಗಂಟಲಿದೆ, ಶ್ರುತಿ ಇದೆ. ಟಿವಿಯಲ್ಲಿ ಹಾಡಿದ್ದು ಬೇರೆಯವರ ಹಾಡು, ಆ ಹಾಡುಗಳೇ ಅವಳನ್ನ ಎತ್ತಿ ನಿಲ್ಲಿಸಿದ್ವು. ಇಲ್ಲಿ ಅವಳು ಹಾಡನ್ನ ಎತ್ತಬೇಕು. ಅವಳ ಕೈಲಿ ಆಗ್ತಿಲ್ಲ, ಪಾಪ."

ಬೈದಿದ್ದರೆ ನಾನೂ ನಾಲ್ಕು ಬೈದು ಬಿಡುತ್ತಿದ್ದೆ. ಅವರು ಬೈಯಲಿಲ್ಲ, ಯೋಚನೆ ಮಾಡಿ ಹೇಳಿದರು. ಕಿಟಕಿ ಸೀಟಿನ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ನೋಡಿದಾಗ ಪುಟ್ಟಿ ನೆಟ್ಟಗೆ ಕೂತಿದ್ದಳು, ಮಡಿಲಿನ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಪಾಪ ಏನ್ ಬಂತು ಸಾರ್," ಎಂದ ಗುಮಾಸ್ತ. "ದಿನಾ ಎರಡು ಹೊತ್ತು ಕೇಳೋ ನಮ್ಮ ಕಿವಿ ಪಾಪ ಅನ್ನಿ. ರೀ ಡ್ರೈವರ್, ಆಫ್ ಮಾಡ್ರೀ ಅದನ್ನ. ಬೇರೆ ಏನೂ ಇಲ್ವಾ ನಿಮ್ಹತ್ರ? ಅವಳೇನು ನಿಮ್ಮ ನೆಂಟಳಾ?"

ನಿಧಾನಪ್ಪ ತಿರುಗಲಿಲ್ಲ. ಯಾರೋ ಬಸ್ಸಿನ ತಗಡನ್ನು ದಬದಬ ಬಡಿದರು. ಪ್ರಯಾಣಿಕರಿಗೆ ಎದುರಾಡಿ ಗೊತ್ತಿಲ್ಲದ ಮನುಷ್ಯ ಎಡಗೈ ಚಾಚಿ ಹಾಡಿನ ಸದ್ದನ್ನು ಇನ್ನಷ್ಟು ಜಾಸ್ತಿ ಮಾಡಿದರು. ಮಗಳು ಹಿಂದೆ ಕೂತಿದ್ದಾಳೆಂದು ಅವರಿಗೆ ಗೊತ್ತಿಲ್ಲ. ಅವಳ ಹಾಡನ್ನು ಕಾಯುತ್ತಿದ್ದೇನೆ ಎಂದುಕೊಂಡೇ ಅವರು ಹಾಗೆ ಮಾಡಿದ್ದು. ಈಗ ಮೂಲೆಮೂಲೆಯಿಂದ ಕೂಗೆದ್ದಿತು, ನಿಲ್ಸಿ, ನಿಲ್ಸಿ ಎಂದು. ಮೇಷ್ಟ್ರೂ ಸಾಕು ಎಂಬಂತೆ ಕೈಯಾಡಿಸಿದರು. ನಾನು ಬಾಗಿಲ ಕಂಬ ಹಿಡಿದು ನಿಂತೆ.

ಆಗ ಕಿಟಕಿ ಸೀಟಿನಿಂದ ಪುಟ್ಟಿ ಮಾಸ್ಕನ್ನು ಬಾಯಿಂದ ತುಸು ಎತ್ತಿ ಹಿಡಿದು ಗಟ್ಟಿಯಾಗಿ ಹೇಳಿದಳು.

"ಡ್ರೈವರ್, ಹಾಡು ನಿಲ್ಲಿಸಿಬಿಡಿ. ಯಾರಿಗೂ ಬೇಡ."

ಸ್ಪೀಕರಿನಿಂದ ಬರುತ್ತಿದ್ದದ್ದೂ ಅದೇ ದನಿ, ಸೀಟಿನಿಂದ ಬಂದದ್ದೂ ಅದೇ ದನಿ. ಬಸ್ಸಿನಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಸ್ಟೇರಿಂಗ್ ಹಿಡಿದವರೊಬ್ಬರಿಗೆ ಮಾತ್ರ ತಿಳಿಯಿತು. ಬಸ್ಸು ಒಮ್ಮೆ ಜಗ್ಗಿತು. ಅವರು ಕನ್ನಡಿಯಲ್ಲಿ ನೋಡಿದರು, ನೋಡುತ್ತಲೇ ಇದ್ದರು, ಹಿಂದಿನ ಲಾರಿಯವನು ಹಾರ್ನ್ ಹೊಡೆಯುವವರೆಗೂ. ಆಮೇಲೆ ಕೈ ಚಾಚಿ ಮೂರನೇ ಹಾಡನ್ನು ಅರ್ಧಕ್ಕೆ ನಿಲ್ಲಿಸಿದರು.

"ಅಬ್ಬ, ಪುಣ್ಯ ಬರಲಿ ನಿಂಗೆ," ಎಂದ ಗುಮಾಸ್ತ ಅವಳ ಕಡೆ ತಿರುಗಿ. "ನೋಡ್ರಿ, ಹಾಡಿದವಳ ವಯಸ್ಸಿನವರಿಗೇ ಹಿಡಿಸಲ್ಲ ಅಂದ್ಮೇಲೆ."

ಪುಟ್ಟಿ ಮಾಸ್ಕು ಸರಿಮಾಡಿಕೊಂಡಳು. ಮುಂದಿನ ಸ್ಟಾಪು ಬಂದಾಗ ಎದ್ದು, ಜನರನ್ನು ಸರಿಸಿಕೊಂಡು ಮುಂದಿನ ಬಾಗಿಲಿಗೆ ಹೋದಳು. ಅವರ ಮನೆಗೆ ಇನ್ನೂ ಐದು ಸ್ಟಾಪಿತ್ತು. ಅಪ್ಪನ ಸೀಟಿನ ಪಕ್ಕ ಒಂದು ಗಳಿಗೆ ನಿಂತಳು. ಇಷ್ಟು ಜನರ ಎದುರು ಅವರು ಅವಳನ್ನು ಮಗಳೇ ಎನ್ನುವ ಹಾಗಿಲ್ಲ. ಅಂದರೆ ನಕ್ಕವರಿಗೆಲ್ಲ ತಾವು ಯಾರನ್ನು ನೋಡಿ ನಕ್ಕೆವು ಎಂದು ಗೊತ್ತಾಗುತ್ತದೆ, ಅವಳು ತಲೆ ತಗ್ಗಿಸಿಕೊಂಡು ಇಳಿಯಬೇಕಾಗುತ್ತದೆ.

"ನೋಡ್ಕೊಂಡು ಇಳೀರಿ ಅಮ್ಮ," ಎಂದರು, ಹುಟ್ಟಿದಾಗಿನಿಂದ ನೀನು ಎಂದೇ ಕರೆದ ಮಗಳಿಗೆ.

ಅವಳು ಹೂಂ ಎಂದು ಇಳಿದಳು. ಬಸ್ಸು ಹೊರಡಲಿಲ್ಲ. ಲೇಟಾಯ್ತು ಕಂಡಕ್ಟರ್ ಎಂದು ಯಾರೋ ಗೊಣಗಿದ ಮೇಲೆ ನಾನು ಸೀಟಿ ಊದಿದೆ.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ನಿಧಾನಪ್ಪ ಇಂಜಿನ್ ಆರಿಸಿ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತಿದ್ದರು. ನಾನು ಹತ್ತಿರ ಹೋಗಿ, ಅಣ್ಣ, ತಪ್ಪು ನನ್ನದು, ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು ಎಂದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ನಿಂತೆ.

"ನಂಗೊತ್ತಿತ್ತು," ಎಂದರು. "ಇಪ್ಪತ್ತೆರಡು ವರ್ಷ ಓಡ್ಸಿದೀನಿ, ಹಿಂದೆ ಏನಂತಾರೆ ಅಂತ ಕೇಳ್ಸಲ್ವೇನೋ? ಮೊದಲನೇ ದಿನದಿಂದ ಎಲ್ಲಾ ಕೇಳ್ತಿತ್ತು. ಅದನ್ನ ಮನೆಗೆ ತಗೊಂಡ್ ಹೋಗೋ ಶಕ್ತಿ ಇರಲಿಲ್ಲ. ನೀನು ಹೇಳಿದ್ದನ್ನ ತಗೊಂಡ್ ಹೋದೆ."

ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಮತ್ತೆ ನನ್ನನ್ನೇ ನೋಡಿದರು.

"ಈಗ ಮನೆಗೆ ಹೋಗಿ ಏನ್ ಹೇಳ್ಲಿ? ನೀನೇ ಹೇಳಿಕೊಡು."

ಎರಡು ವಾರ ದಿನಕ್ಕೊಂದು ಸುಳ್ಳು ಹೊಸೆದವನು ನಾನು. ಅವತ್ತು ಆ ಮನುಷ್ಯನ ಕೈಗೆ ಕೊಟ್ಟು ಕಳಿಸಲು ನನ್ನ ಬಾಯಿಗೆ ಒಂದೂ ಬರಲಿಲ್ಲ.