ಸುಂದರವ್ವ ಆಡಿದ ಮಾತು

ಸುಂದರವ್ವನ ತವರು ರಾಮದುರ್ಗ ತಾಲೂಕಿನ ಸಾಲಹಳ್ಳಿ. ಮದುವೆಯಾಗಿ ಬಂದದ್ದು ಮುನವಳ್ಳಿಯಾಚೆಯ ಒಂದು ಸಣ್ಣ ಊರಿಗೆ. ಬಂದ ವರ್ಷವೇ ನವಿಲುತೀರ್ಥದ ಕಾಲುವೆ ಕೆಲಸಕ್ಕೆ ಹೋಗಿ ಮಣ್ಣಿನ ಬುಟ್ಟಿ ಹೊತ್ತಳು. ಆಮೇಲೆ ಹತ್ತಿ ಬಿಡಿಸಿದಳು, ಕಳೆ ತೆಗೆದಳು, ಗೋವಿನಜೋಳದ ತೆನೆ ಮುರಿದಳು. ಗಂಡ ಶಟ್ಟೆಪ್ಪ ಗೌಂಡಿ. ಆತ ಕಟ್ಟಿದ ಗೋಡೆಗಳಿಗಿಂತ ಖಾಲಿ ಮಾಡಿದ ಬಾಟಲಿಗಳೇ ಹೆಚ್ಚು ಎಂದು ಆಕೆಯೇ ನಗುತ್ತ ಹೇಳುವುದಿತ್ತು. ಆತ ತೀರಿಕೊಂಡಾಗ ಹಿರಿಯ ಮಗ ರಾಯಪ್ಪ ಕಾಲೇಜಿಗೆ ಹೆಸರು ಹಚ್ಚಿದ್ದ. ನಡುವೆ ಹುಟ್ಟಿದ ಇಬ್ಬರು ಉಳಿಯಲಿಲ್ಲ. ಕೊನೆಯವನು ಯುವರಾಜ ಇನ್ನೂ ಅಂಗನವಾಡಿಯ ಉಪ್ಪಿಟ್ಟು ತಿನ್ನುವ ವಯಸ್ಸಿನವನು.

ರಾಯಪ್ಪ ಕಾಲೇಜನ್ನು ಅರ್ಧಕ್ಕೇ ಬಿಟ್ಟ. ಮನೆಯಲ್ಲಿ ಹೇಳದೆ ಕೇಳದೆ ಬೆಳಗಾವಿಗೆ ಭರ್ತಿಗೆ ಹೋದ, ಓಡಿದ, ಎದೆಯ ಅಳತೆ ಕೊಟ್ಟ, ಮಿಲಿಟರಿಗೆ ಆಯ್ಕೆಯಾದ ಮೇಲೆ ಊರಿಗೆ ಬಂದು ಅವ್ವನ ಮುಂದೆ ಪೇಢೆಯ ಪೊಟ್ಟಣ ಇಟ್ಟ. ಸುಂದರವ್ವ ಪೇಢೆ ಮುಟ್ಟಲಿಲ್ಲ. ಮುಂದೆ ಪಗಾರ ಬರತೊಡಗಿ, ಮನೆಯಲ್ಲಿ ಜೋಳದ ಚಿಂತೆ ತಪ್ಪಿದ ಮೇಲೆ ಸಿಟ್ಟು ತಾನಾಗಿ ಇಳಿಯಿತು.

ಹತ್ತೊಂಬತ್ತುನೂರಾ ತೊಂಬತ್ತೊಂಬತ್ತರ ಕಾರ್ಗಿಲ್ ಲಡಾಯಿಯಲ್ಲಿ ರಾಯಪ್ಪ ಸತ್ತ. ಪೆಟ್ಟಿಗೆ ಮಿಲಿಟರಿ ಲಾರಿಯಲ್ಲಿ ಬಂತು. ಸವದತ್ತಿ, ಬೈಲಹೊಂಗಲ, ಕಿತ್ತೂರುಗಳಿಂದಲೂ ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದರು. ಕೆಳಗಿನ ಕೇರಿಗೆ ಎಂದೂ ಕಾಲಿಡದಿದ್ದ ದೊಡ್ಡ ಮನೆಯವರೂ ಅಂದು ಅವಳ ಅಂಗಳದಲ್ಲಿ ನಿಂತಿದ್ದರು. ಆ ಗದ್ದಲದಲ್ಲಿ ಹೆತ್ತವಳು ಎಲ್ಲಿದ್ದಾಳೆಂದು ಕೇಳುವವರಿಗೇನೂ ಕೊರತೆಯಿರಲಿಲ್ಲ, ಅವಳಿಗೊಂದು ತಂಬಿಗೆ ನೀರು ಕೊಡುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಮರುವರ್ಷದ ಹೊತ್ತಿಗೆ ಹೈಸ್ಕೂಲ್ ಮೈದಾನದಲ್ಲಿ ಹುತಾತ್ಮರ ಕಟ್ಟೆ ಎದ್ದಿತು. ಕರಿಕಲ್ಲಿನ ಮೇಲೆ ಸುತ್ತಲಿನ ಹಳ್ಳಿಗಳಿಂದ ಸೈನ್ಯಕ್ಕೆ ಹೋಗಿ ಮಡಿದವರೆಲ್ಲರ ಹೆಸರು. ಹಳೆಯ ಯುದ್ಧಗಳವರು ಮೇಲೆ, ರಾಯಪ್ಪ ಕೆಳಗೆ. ಜುಲೈ ಇಪ್ಪತ್ತಾರಕ್ಕೆ ದೇಶವೆಲ್ಲ ಮಾಡುವಂತೆ ಅಲ್ಲೂ ಸ್ಮರಣೆಯ ಕಾರ್ಯಕ್ರಮ ಆಯಿತು. ಅದರ ಸೂತ್ರಧಾರ ರಾಮಲಿಂಗಪ್ಪ ಮಾಸ್ತರರು. ಒಳ್ಳೆಯ ಮನುಷ್ಯ. ಕೈಗೆ ಮೈಕು ಸಿಕ್ಕರೆ ಮಾತ್ರ ಅವರ ಒಳ್ಳೆಯತನಕ್ಕೆ ಕಡಿವಾಣ ಇರುತ್ತಿರಲಿಲ್ಲ.

ವೇದಿಕೆಯ ಮೇಲೆ ಪಂಚಾಯ್ತಿ ಅಧ್ಯಕ್ಷರ ಪಕ್ಕದಲ್ಲೇ ಸುಂದರವ್ವನಿಗೆ ಕುರ್ಚಿ ಹಾಕಿದ್ದರು. ಆ ಊರಿನಲ್ಲಿ ಅಲ್ಲಿಯವರೆಗೆ ಅವಳು ಯಾರೆದುರೂ ಕುರ್ಚಿಯಲ್ಲಿ ಕುಳಿತವಳಲ್ಲ. ಕೂಲಿ ಇಸಿದುಕೊಳ್ಳಲು ಹಿತ್ತಲ ಬಾಗಿಲಲ್ಲಿ ನಿಂತು ರೂಢಿ. ಅಂಚಿನಲ್ಲಿ ಮುದುಡಿ ಕುಳಿತಳು. ಶಾಲು ಹೊದಿಸಿದರು, ಹಾರ ಹಾಕಿದರು. ಮಾಸ್ತರರು ಮೈಕನ್ನು ಅವಳ ಬಾಯಿಯ ಹತ್ತಿರ ತಂದು ಕೇಳಿದರು:

“ತಾಯೀ, ಒಬ್ಬ ಮಗನ್ನ ದೇಶಕ್ಕ ಕೊಟ್ರಿ. ಇನ್ನೊಬ್ಬ ಮಗ ಅದಾನ. ಅವನ್ನೂ ಕೊಡ್ತೀರೇನ್ರಿ?”

ಅಷ್ಟು ಮಂದಿ ಉಸಿರು ಹಿಡಿದು ತನ್ನ ಬಾಯನ್ನೇ ನೋಡುತ್ತಿರುವಾಗ ಹೆಣ್ಣುಮಗಳು ಏನು ಹೇಳಿಯಾಳು? “ಹೂಂನ್ರಿ, ಕೊಡ್ತೇನ್ರಿ,” ಎಂದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಮುಂದಿನ ಸಾಲಿನಲ್ಲಿ, ಚಡ್ಡಿಯ ಮೇಲೆ ಕೈಯಿಟ್ಟು ಕುಳಿತಿದ್ದ ಯುವರಾಜನನ್ನು ಯಾರೋ ಎತ್ತಿ ನಿಲ್ಲಿಸಿ ಎಲ್ಲರಿಗೂ ತೋರಿಸಿದರು. ಪೇಪರಿನಲ್ಲಿ ಫೋಟೋ ಬಂತು.

ಅಲ್ಲಿಂದ ಮುಂದೆ ಆ ಮಾತಿಲ್ಲದೆ ಕಾರ್ಯಕ್ರಮ ಮುಗಿಯುತ್ತಿರಲಿಲ್ಲ. ಎರಡನೆಯ ವರ್ಷ ಮಾಸ್ತರರು ಮೊದಲೇ ಮನೆಗೆ ಬಂದು ಇನ್ನೂ ಸ್ವಲ್ಪ ಜೋರಾಗಿ ಹೇಳಬೇಕೆಂದು ತಿಳಿಸಿ ಹೋದರು. ಮೂರನೆಯ ವರ್ಷ ತಿಳಿಸುವ ಅಗತ್ಯವೇ ಬೀಳಲಿಲ್ಲ. “ಇನ್ನೊಬ್ಬ ಮಗ ಅದಾನ್ರಿ. ದೇಶ ಕೇಳಿದ್ರ ಅವನ್ನೂ ಕಳಸ್ತೇನಿ,” ಎಂದು ಸುಂದರವ್ವ ಸೆರಗು ಸರಿಮಾಡಿಕೊಂಡು, ಎಲ್ಲಿ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆಂದು ಅರಿತು ಹೇಳತೊಡಗಿದಳು. ಬೈಲಹೊಂಗಲಕ್ಕೂ ಸವದತ್ತಿಗೂ ಜೀಪು ಕಳಿಸಿ ಕರೆಸಿಕೊಂಡರು. ದಾರಿಯಲ್ಲಿ ಸಿಕ್ಕರೆ ದೊಡ್ಡ ಮನೆಯವರು “ಬರ್ರಿ ಸುಂದರವ್ವ” ಎನ್ನುವಂತಾದರು. ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ “ಏ ಸುಂದ್ರೀ” ಎನ್ನುತ್ತಿದ್ದವರೇ ಅವರು. ಆ ಮರ್ಯಾದೆ ಅವಳಿಗೆ ಹಿತವಾಗಿತ್ತು. ಯಾರಿಗೆ ಹಿತವಾಗುವುದಿಲ್ಲ? ಅದು ಮಗನ ಸಾವಿನಿಂದ ಬಂದದ್ದೆಂಬುದು ನೆನಪಾದಾಗ ಮಾತ್ರ ತಲೆ ತಗ್ಗಿಸಿ ಬೇಗ ಬೇಗ ಮುಂದೆ ನಡೆದುಬಿಡುತ್ತಿದ್ದಳು.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ಯುವರಾಜ ಬೆಳಗಿನ ಜಾವ ಎದ್ದು ಎಲ್ಲಿಗೋ ಹೋಗತೊಡಗಿದ. ಮೊದಲಿಗೆ ಸುಂದರವ್ವ ಯಾವುದೋ ಹುಡುಗಿಯ ವಿಷಯವಿರಬೇಕೆಂದು ಒಳಗೊಳಗೇ ನಕ್ಕಳು. ಒಂದು ದಿನ ಕಳೆ ತೆಗೆಯಲು ಬೇಗ ಹೊರಟವಳಿಗೆ ಕಾಲುವೆಯ ದಂಡೆಯ ಮೇಲೆ ಮಗ ಓಡುವುದು ಕಾಣಿಸಿತು. ರಾಯಪ್ಪನ ಹಾಗೆಯೇ ಎಡಗೈ ಹೊರಕ್ಕೆ ಚಾಚಿ ಓಡುತ್ತಿದ್ದ.

ಸಂಜೆ ರೊಟ್ಟಿ ಬಡಿಯುತ್ತ ಕೇಳಿದಳು. “ಭರ್ತಿಗೆ ಹೊಂಟಿ ಏನು?”

“ಹೂಂ. ಆಗಸ್ಟ್‌ದಾಗ ಬೆಳಗಾವಿಯೊಳಗ ಐತಿ.”

“ಯಾರು ಹೇಳಿದ್ರು ನಿನಗ ಹೋಗಂತ?”

ಯುವರಾಜ ಅವ್ವನ ಮುಖವನ್ನೇ ನೋಡಿದ. ಅವನ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು. “ನೀನ ಹೇಳೀದೆಲ್ಲವ್ವಾ? ಸಣ್ಣಾಂವ ಇದ್ದಾಗಿಂದ ವರ್ಷಾ ಕೇಳಕೋತ ಬಂದೇನಿ. ಸಾಲ್ಯಾಗ ಎಲ್ಲಾರೂ ನನಗ ಮಿಲಿಟ್ರಿ ಅಂತನ ಕರೀತಿದ್ರು. ಈಗ ನಾ ಹೋಗಲಿಲ್ಲಂದ್ರ ನಿನ್ನ ಮಾತಿನ ಗತಿ ಏನು?”

ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ಊರೆಲ್ಲದರ ಎದುರು ಹೂಂ ಎಂದವಳು ಒಲೆಯ ಮುಂದೆ ಕುಳಿತು ಒಲ್ಲೆ ಎಂದರೆ ಮಗ ಯಾವುದನ್ನು ನಂಬಬೇಕು?

ಅವಳಿಗೆ ಹೊಳೆದ ಒಂದೇ ದಾರಿ ಹಣಮಂತಪ್ಪ. ಸೈನ್ಯದಲ್ಲಿ ಸುಬೇದಾರನಾಗಿದ್ದು ನಿವೃತ್ತನಾಗಿ ಊರಿಗೆ ಬಂದು ಎಮ್ಮೆ ಕಟ್ಟಿಕೊಂಡಿದ್ದ ಹಣಮಂತಪ್ಪ ವೇದಿಕೆಯ ಮೇಲೆ ಕೂರುತ್ತಿರಲಿಲ್ಲ. ಪ್ರತಿ ವರ್ಷ ಪದಕಗಳನ್ನು ಹಚ್ಚಿಕೊಂಡು ಬಂದು ಕಟ್ಟೆಯ ಹಿಂದೆ ನಿಲ್ಲುವನು, ಭಾಷಣ ಶುರುವಾಗುತ್ತಲೇ ಹಾಲು ಹಿಂಡುವ ಹೊತ್ತಾಯಿತೆಂದು ಹೊರಡುವನು. ಬೆಳಗಿನ ಹತ್ತಕ್ಕೆ ಯಾವ ಎಮ್ಮೆ ಹಾಲು ಕೊಡುತ್ತದೆಂದು ಯಾರೂ ಕೇಳಿದವರಲ್ಲ.

“ಅಣ್ಣಾರ, ಭರ್ತಿಯವರಿಗೆ ನಿಮ್ಮ ಗುರುತು ಇರ್ತೈತಿ. ನಮ್ಮ ಹುಡುಗನ್ನ ತಗೋಬ್ಯಾಡ್ರಿ ಅಂತ ಒಂದು ಮಾತು ಹೇಳ್ರಿ,” ಎಂದು ಸುಂದರವ್ವ ಕೈಮುಗಿದಳು.

ಹಣಮಂತಪ್ಪ ಮೇವಿನ ಕಟ್ಟು ಬಿಚ್ಚುತ್ತಲೇ ಹೇಳಿದ. “ತಗೋರಿ ಅಂತ ಹೇಳಾಕ ಮಂದಿ ಬರ್ತಾರ. ನೀ ಒಬ್ಬಾಕಿ ಬ್ಯಾಡ ಅನ್ನಾಕ ಬಂದೀದಿ. ಹಂಗೆಲ್ಲಾ ಆಗೂದಿಲ್ಲ ತಂಗಿ.” ಮೇವನ್ನು ಎಮ್ಮೆಯ ಮುಂದೆ ಹರಡಿ ಮುಂದುವರಿಸಿದ. “ನಮ್ಮ ಪಲ್ಟನ್‌ದಾಗ ಸತ್ತವರ ದಿನಾ ಮಾಡಿದ್ರ ಹೆಸರು ಓದ್ತೇವಿ. ಬಂದೂಕು ಉಲ್ಟಾ ಹಿಡಿದು ತಲಿ ಬಗ್ಗಸ್ತೇವಿ. ಬಿಗುಲ್ ಊದ್ತಾರ. ಮುಗೀತು. ಯಾರೂ ಮಾತಾಡೂದಿಲ್ಲ. ಇಲ್ಲಿ ಮಾತಾಡಲಿಲ್ಲಂದ್ರ ಮಂದಿಗೆ ಕಾರ್ಯಕ್ರಮ ಆದಂಗನ ಅನಸೂದಿಲ್ಲ. ಹಿಂಗಾಗಿ ನಿನ್ನ ಬಾಯಾಗ ಮಾತು ಇಟ್ರು.”

“ಈಗ ಏನ್ ಮಾಡ್ಲಿರಿ?”

“ಎಲ್ಲಿ ಆಡೀದೆಲ್ಲಾ, ಅಲ್ಲೇ ಹೋಗಿ ತಿರುಗಿ ತಗೋ.”

ಹೇಳುವುದು ಸುಲಭ. ಇಷ್ಟು ವರ್ಷ ಸುಳ್ಳು ಹೇಳಿದೆನೆಂದು ಒಪ್ಪಿಕೊಂಡರೆ ಕುರ್ಚಿ ಹೋಗುತ್ತದೆ. ಜೀಪು ಹೋಗುತ್ತದೆ. “ಬರ್ರಿ” ಹೋಗಿ ಮತ್ತೆ “ಏ ಸುಂದ್ರೀ” ಬಂದರೂ ಬಂದೀತು. ಸತ್ತ ಮಗನ ಹೆಸರಿಗೂ ಕೆಸರು ಸಿಡಿದೀತೇನೋ ಎಂಬ ಅಂಜಿಕೆ ಬೇರೆ. ಜುಲೈ ಬರುವವರೆಗೂ ಅವಳು ಒಮ್ಮೆ ಹೇಳುತ್ತೇನೆ ಎಂದುಕೊಳ್ಳುವಳು, ಒಮ್ಮೆ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದುಕೊಳ್ಳುವಳು. ಯುವರಾಜ ಮಾತ್ರ ದಿನಾ ಓಡುತ್ತಿದ್ದ.

ಇಪ್ಪತ್ತಾರರಂದು ಜಿಟಿಜಿಟಿ ಮಳೆ. ಪೆಂಡಾಲಿನ ಒಂದು ಮೂಲೆಯಿಂದ ನೀರು ಸೋರಿ ಪಂಚಾಯ್ತಿ ಸದಸ್ಯರೊಬ್ಬರ ಟೋಪಿಯ ಮೇಲೇ ಬೀಳುತ್ತಿತ್ತು. ಧ್ವಜ ಏರಿತು. ಹೆಸರುಗಳನ್ನು ಓದಿದರು. ಎರಡು ನಿಮಿಷದ ಮೌನವನ್ನು ಮಾಸ್ತರರು ಎಂದಿನಂತೆ ಒಂದೇ ನಿಮಿಷಕ್ಕೆ ಮುಗಿಸಿ ಮೈಕು ಹಿಡಿದರು. “ಈಗ ನಮ್ಮ ವೀರಮಾತೆ ಎರಡು ಮಾತಾಡ್ತಾರ.”

ಸುಂದರವ್ವ ಎದ್ದಳು. ಮೈಕಿನ ಮುಂದೆ ಸೆರಗು ಸರಿಮಾಡಿಕೊಳ್ಳುವುದು ಕೂಡ ಮರೆತಿತ್ತು.

“ಇನ್ನೊಬ್ಬ ಮಗ ಅದಾನ್ರಿ,” ಎಂದಳು. ಹುಡುಗರು ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದರು. “ಅವನ್ನ ನಾ ಕೊಡೂದಿಲ್ರಿ.”

ಕೈಗಳು ಅಲ್ಲೇ ನಿಂತವು.

“ಕೊಡ್ತೇನಿ ಅಂತ ವರ್ಷಾ ಹೇಳೀನಿ. ಅದು ಖರೆ ಅಲ್ರಿ. ಮೊದಲ್ನೇ ಸಲ ಮಾಸ್ತರು ಕೇಳಿದ್ರು, ಅಂಜಿ ಹೂಂ ಅಂದೆ. ಆಮ್ಯಾಲ ನೀವು ಚಪ್ಪಾಳಿ ಬಡದ್ರಿ, ಮರ್ಯಾದಿ ಕೊಟ್ರಿ, ನನಗ ರುಚಿ ಹತ್ತಿತು. ರಾಯಪ್ಪನ್ನೂ ನಾ ಕೊಟ್ಟಿದ್ದಿಲ್ರಿ. ಮನ್ಯಾಗ ಜ್ವಾಳ ಇದ್ದಿದ್ದಿಲ್ಲ, ಅವ ಹೋದ. ಗಟ್ಟಿ ಹುಡುಗ, ತನ್ನ ಕೆಲಸ ಮಾಡಿ ಸತ್ತ. ಆ ದೊಡ್ಡಸ್ತಿಕಿ ಅವಂದು, ನಂದಲ್ಲ. ಯುವರಾಜಗ ಮನಸಿದ್ರ ಅವನೂ ಹೋಗಲಿ, ನಾ ಅಡ್ಡ ಬರೂದಿಲ್ಲ. ನನ್ನ ಮಾತಿನ ಸಲುವಾಗಿ ಮಾತ್ರ ಹೋಗೂದು ಬ್ಯಾಡ. ಇಷ್ಟ ನೋಡ್ರಿ.”

ಕೂತುಕೊಂಡಳು. ಮಾಸ್ತರರು ಮೈಕನ್ನು ಎರಡು ಸಲ ತಟ್ಟಿ, ವಂದನಾರ್ಪಣೆಯವರನ್ನು ಕರೆದುಬಿಟ್ಟರು. ಮಕ್ಕಳಿಗೆ ಪೆಪ್ಪರಮಿಂಟ್ ಹಂಚಿ ಕಾರ್ಯಕ್ರಮ ಮುಗಿಸಿದರು. ಸುಂದರವ್ವ ನಡೆದೇ ಮನೆಗೆ ಬಂದಳು.

ಯುವರಾಜ ಮೈದಾನದಿಂದ ಅವಳಿಗಿಂತ ಮೊದಲೇ ಬಂದು ಹೊಸ್ತಿಲ ಮೇಲೆ ಕುಳಿತಿದ್ದ. ಅವಳು ಒಳಗೆ ಹೋಗಿ, ನೀರು ಕುಡಿದು, ಮತ್ತೆ ಹೊರಗೆ ಬಂದರೂ ಹಾಗೇ ಕುಳಿತಿದ್ದ.

“ಮಾನಾ ಕಳದೆ ಅಂತ ಸಿಟ್ಟು ಬಂದೈತೇನು?”

“ಇಲ್ಲ.” ಕಾಲಬೆರಳಿನಿಂದ ನೆಲ ಕೆದಕಿದ. “ಯವ್ವಾ, ನನಗ ಓಡೂದು ಸೇರತಿತ್ತು. ಹೋಗಾಕ ಅಂಜಿಕಿ ಬರತಿತ್ತು. ಅಣ್ಣನ ಪೆಟ್ಟಿಗಿ ಕನಸಿನ್ಯಾಗ ಬರ್ತೈತಿ. ಹೇಳಿದ್ರ ನಿನಗ ಕೆಟ್ಟ ಅನಸ್ತೈತಿ ಅಂತ ಸುಮ್ಮನಿದ್ದೆ.”

ಸುಂದರವ್ವ ಮಗನ ಪಕ್ಕದಲ್ಲಿ ಕುಳಿತಳು. ಇಬ್ಬರೂ ಒಂದೇ ಮನೆಯಲ್ಲಿದ್ದು, ಒಂದೇ ಹಂಚಿನ ರೊಟ್ಟಿ ತಿಂದು, ಒಬ್ಬರಿಗೊಬ್ಬರು ಹೇಳದೆ ಒಂದೇ ಭಯವನ್ನು ಸಾಕಿಕೊಂಡಿದ್ದರು. ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು, ಮಗ ಉಳಿದನೆಂದು ಸಂತೋಷವೂ ಆಯಿತು. ಆಗಸ್ಟ್‌ನಲ್ಲಿ ಯುವರಾಜ ಬೆಳಗಾವಿಗೆ ಹೋಗಲಿಲ್ಲ. ಮುನವಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರು ಕಟ್ಟುವ ಅಂಗಡಿಗೆ ಸೇರಿಕೊಂಡ.

ಊರು ಆಡಿಕೊಳ್ಳುವಷ್ಟು ಆಡಿಕೊಂಡಿತು. ಮರುವರ್ಷ ಮಾಸ್ತರರು ಕರೆಯಲು ಮನೆಗೆ ಬರಲಿಲ್ಲ. ಪಂಚಾಯ್ತಿ ಅಧ್ಯಕ್ಷರ ಪಕ್ಕದಲ್ಲಿ ತಾಲೂಕಿನಿಂದ ಬಂದ ಯಾರೋ ಸಾಹೇಬರು ಕುಳಿತಿದ್ದರು. ಕರೆಯದಿದ್ದರೂ ಸುಂದರವ್ವ ಹೋದಳು. ಮಗ ಮೋಟಾರು ಅಂಗಡಿಯಲ್ಲಿ ಅರ್ಧ ದಿನ ರಜೆ ಹಾಕಿ ಬಂದು ಗಂಡಸರ ಜೊತೆ ಹಿಂದೆ ನಿಂತ. ಅವಳು ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ, ಹೆಂಗಸರ ನಡುವೆ ಕುಳಿತಳು. ಮೇಲಿನ ಓಣಿಯ ಮುದಕವ್ವ ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟಳು.

ಹೆಸರು ಓದತೊಡಗಿದರು. ಕೊನೆಗೆ “ಸಿಪಾಯಿ ರಾಯಪ್ಪ ಶಟ್ಟೆಪ್ಪ” ಎಂದರು. ವೇದಿಕೆಯ ಮೇಲೆ ಇದ್ದಷ್ಟು ವರ್ಷವೂ ವೀರಮಾತೆ ಕಣ್ಣೀರು ಹಾಕಬಾರದೆಂದು ಮಾಸ್ತರರು ಹೇಳಿಟ್ಟಿದ್ದರು, ಆ ಹೆಸರು ಬಂದಾಗ ಅವಳು ಮೈಕನ್ನೇ ನೋಡುತ್ತ ಕೂರುತ್ತಿದ್ದಳು. ಇಂದು ಅವಳತ್ತ ನೋಡುವವರು ಯಾರೂ ಇರಲಿಲ್ಲ. ಮೌನದ ಹೊತ್ತಿನಲ್ಲಿ ಎಲ್ಲರೂ ಎದ್ದು ನಿಂತರು, ಸುಂದರವ್ವನಿಗೆ ಏಳಲಾಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡರೂ ಅಳು ನಿಲ್ಲಲಿಲ್ಲ, ಮೈದಾನಕ್ಕೆಲ್ಲ ಕೇಳಿಸಿತು. ಮಾಸ್ತರರು ಗಡಿಯಾರ ನೋಡಿದರು, ಅವಳ ಕಡೆ ನೋಡಿದರು, ಮೈಕಿನತ್ತ ಹೋಗದೆ ತಲೆ ಬಗ್ಗಿಸಿ ನಿಂತುಬಿಟ್ಟರು. ಅವಳು ಅತ್ತು ಮುಗಿಸುವವರೆಗೆ ಯಾರೂ ಕುಳಿತುಕೊಳ್ಳಲಿಲ್ಲ.