ಹೂಡಬಾರದ ಗದ್ದೆ

ನಿವೃತ್ತಿಗೆ ಮುಂಚಿನ ವರ್ಷದ ಮಳೆಗಾಲದಲ್ಲಿ ನಾನು ಹೊನ್ನಾವರ ತಾಲೂಕಿನಲ್ಲಿ ಪಶುವೈದ್ಯನಾಗಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜನ ಹೇಳುತ್ತಿದ್ದರು, ಸುಳ್ಳಲ್ಲ. ಒಂದು ಬೆಳಿಗ್ಗೆ ಹಳದೀಪುರದ ಆಚೆಯ ಕೇರಿಯಿಂದ ಗಣಪತಿ ಎಂಬ ರೈತ ಫೋನು ಮಾಡಿದ. ನಾಲ್ಕು ದಿನದ ಹಿಂದೆ ಒಂದು ಆಕಳು ಹಾವು ಕಚ್ಚಿ ಸತ್ತಿತ್ತಂತೆ, ಈಗ ಇನ್ನೊಂದು. ಮೊದಲನೆಯದು ಸತ್ತಾಗಲೇ ಏಕೆ ಕರೆಯಲಿಲ್ಲ ಎಂದು ರೇಗುತ್ತಲೇ ಬೈಕ್ ಹತ್ತಿದೆ.

ಕೊಟ್ಟಿಗೆಯಲ್ಲಿ ಸತ್ತು ಬಿದ್ದಿದ್ದ ಆಕಳ ಮೂಗಿನಿಂದ ಕಪ್ಪು ರಕ್ತ ಸುರಿದಿತ್ತು, ಹೆಪ್ಪುಗಟ್ಟಿರಲಿಲ್ಲ. ಅಷ್ಟು ಕಂಡರೆ ಪಶುವೈದ್ಯರು ಹೆಣ ಕೊಯ್ಯಲು ಚಾಕು ಮುಟ್ಟುವುದಿಲ್ಲ. ಅದು ಆಂಥ್ರಾಕ್ಸ್ ಇರಬಹುದು, ಕನ್ನಡದಲ್ಲಿ ನೆರಡಿ ರೋಗ. ಹೆಣ ಕೊಯ್ದರೆ ರೋಗಾಣುಗಳಿಗೆ ಗಾಳಿ ತಾಗಿ ಸ್ಪೋರ್ ಆಗುತ್ತವೆ. ಅಂದರೆ ಗಟ್ಟಿ ಕವಚ ತೊಟ್ಟು ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತವೆ. ಪರೀಕ್ಷೆಗೆಂದು ಕಿವಿಯಿಂದ ಒಂದು ಹನಿ ರಕ್ತ ಮಾತ್ರ ತೆಗೆದುಕೊಂಡೆ.

ಉಳಿದಿದ್ದ ಮೂರನೆಯದು ಗಬ್ಬದ ಆಕಳು. ಅದಕ್ಕೂ ಜ್ವರ ಏರಿತ್ತು. ಹಗ್ಗ ಹಿಡಿದು ನಿಂತಿದ್ದ ಗಣಪತಿಯ ಹೆಂಡತಿ ಮಾದೇವಿಯ ಮುಂಗೈ ಬಾತಿತ್ತು, ನಡುವೆ ಕರಿ ಹಕ್ಕಳೆ.

“ಎಂತ ಅದು?”

“ಮುಳ್ಳು ತಾಗಿದ್ದು. ನೋವೇನಿಲ್ಲ ಡಾಕ್ಟ್ರೇ.”

ನೋವಿಲ್ಲ ಎಂದದ್ದೇ ನನ್ನನ್ನು ಹೆದರಿಸಿತು. ಕೀವಿನ ಹುಣ್ಣು ನೋಯುತ್ತದೆ, ಆಂಥ್ರಾಕ್ಸಿನದು ನೋಯುವುದಿಲ್ಲ. ಕೇಳಿದರೆ, ರಕ್ತ ಸುರಿಯುತ್ತಿದ್ದ ಮೊದಲ ಆಕಳ ಮೂಗನ್ನು ಬರಿಗೈಯಲ್ಲಿ ಒರೆಸಿದ್ದೆ ಎಂದಳು. ಈಗಿಂದೀಗಲೇ ಆಸ್ಪತ್ರೆಗೆ ಹೊರಡು ಎಂದೆ.

“ಮೊದ್ಲು ಇದಕ್ಕೆ ಇಂಜೆಕ್ಷನ್ ಕೊಡಿ. ಆಮೇಲೆ ಬತ್ತೆ.”

ಬೈದೆ, ಜಗ್ಗಲಿಲ್ಲ. ಆಕಳಿಗೆ ಪೆನಿಸಿಲಿನ್ ಕೊಟ್ಟ ಮೇಲೆಯೇ ಹಗ್ಗ ಬಿಟ್ಟಳು.

ಆಟೋ ಬರುವವರೆಗೆ ಮೇವಿನ ವಿಚಾರ ಕೇಳಿದೆ. ಮನೆಯ ಹಿಂದೆ ಹಾಳುಬಿದ್ದಿದ್ದ ಗದ್ದೆಗೆ ಮಳೆಗೆ ಮುಂಚೆ ಟಿಲ್ಲರ್ ಹೊಡೆಸಿ ಮೇವಿನ ಜೋಳ ಬಿತ್ತಿದ್ದರು. ಒತ್ತಾಗಿ ಹುಟ್ಟಿದ ಸಸಿಗಳನ್ನು ಬೇರು, ಕೆಸರು ಸಮೇತ ಕಿತ್ತು ದನಕ್ಕೆ ಹಾಕಿದ್ದರು. ಟಿಲ್ಲರಿಗೆ ಎಲುಬು ಸಿಕ್ಕಿದ್ದವು.

“ಅದನ್ನ ಹೂಡೂಕಾಗ ಅಂತ ಅಪ್ಪ ಅಂದಿದ್ದ,” ಎಂದ ಗಣಪತಿ. “ಎಂತಕ್ಕೆ ಅಂತ ಹೇಳ್ಲಿಲ್ಲ.”

ಕಾರಣ ಜಗಲಿಯಲ್ಲಿ ಕೂತಿದ್ದ ಅವನ ತಾಯಿಗೆ ಗೊತ್ತಿತ್ತು. ಅವರು ಮದುವೆಯಾಗಿ ಬಂದ ವರ್ಷ ಕೊಟ್ಟಿಗೆ ತುಂಬ ಇದ್ದ ದನ ಸಾಲಾಗಿ ಸತ್ತು, ಎಲ್ಲವನ್ನೂ ಅಲ್ಲೇ ಹುಗಿದಿದ್ದರು.

“ಕೆಟ್ಟದ್ದನ್ನ ಬಾಯಲ್ಲಿ ಆಡಿದ್ರೆ ತಿರುಗಿ ಬತ್ತದೆ ಅಂತ ಮನೆ ಹಿರಿಯರು ಅಂದ್ರು. ನಾ ಆಡ್ಲಿಲ್ಲ,” ಎಂದು ಮುದುಕಿ ಅತ್ತರು. ರೇಗಲು ಬಾಯಿ ತೆರೆದಿದ್ದವನು ಅವರ ಪಕ್ಕ ಕೂತೆ.

ಸೂಕ್ಷ್ಮದರ್ಶಕ ನನ್ನ ಅನುಮಾನವನ್ನು ನಿಜ ಮಾಡಿತು. ಗಬ್ಬದ ಆಕಳು ಸಂಜೆಯೊಳಗೆ ಸತ್ತಿತು, ಹೊಟ್ಟೆಯ ಕರುವಿನೊಂದಿಗೆ. ಆಳದ ಗುಂಡಿ ತೋಡಿಸಿ ಸುಣ್ಣ ಸುರಿಸಿದೆವು. ಕೇರಿಯ ದನಗಳಿಗೆಲ್ಲ ಲಸಿಕೆಯಾಯಿತು. ಮೊಣಕಾಲುದ್ದ ಬೆಳೆದಿದ್ದ ಹಸಿರು ಮೇವಿಗೆ ಡೀಸೆಲ್ ಹೊಯ್ದು ಸುಡಿಸಿದೆ. ನನ್ನ ಕೆಲಸದಲ್ಲಿ ಅಷ್ಟು ಸಂಕಟದ ದಿನ ಬೇರೆ ಇರಲಿಲ್ಲ.

ಮಾದೇವಿ ಬದುಕಿದಳು. ಆಸ್ಪತ್ರೆಯಿಂದ ಬಂದವಳು ಬರಿದಾದ ಕೊಟ್ಟಿಗೆಯ ಕಡೆ ನೋಡದೆ ಕೇಳಿದಳು:

“ಎಷ್ಟು ವರ್ಷ ಹೂಡೂಕಾಗ?”

“ನಾವ್ಯಾರೂ ಇರದಷ್ಟು ವರ್ಷ. ಬೇಲಿ ಹಾಕಿ ಬೋರ್ಡು ನಿಲ್ಲಿಸೋಣ.”

“ಈ ಮಳೆಗೆ ಬೋರ್ಡು ಎಷ್ಟು ದಿನ ಉಳೀತದೆ ಡಾಕ್ಟ್ರೇ?”

 ಅವಳು ಒಳಗಿದ್ದ ಮಗಳನ್ನು ಕರೆದು ಎದುರು ಕೂರಿಸಿ, ಎಲ್ಲವನ್ನೂ ಮೊದಲಿನಿಂದ ಹೇಳಿ ಎಂದಳು. ಹೇಳಿದೆ. ಮುಗಿದ ಮೇಲೆ ಅದನ್ನೇ ಮಗಳ ಬಾಯಿಂದ ಮತ್ತೆ ಹೇಳಿಸಿದಳು. ಅಂದಿನಿಂದ ನಾನು ಯಾರಿಗೇ “ಬೇಡ” ಎಂದರೂ, ಯಾಕೆ ಬೇಡ ಎಂಬುದನ್ನು ಅವರ ಬಾಯಿಂದ ಒಮ್ಮೆ ಹೇಳಿಸದೆ ಎದ್ದು ಬಂದಿಲ್ಲ.